ಮಿನುಗಿದ ಒಂದು ದೀಪ

ಬೆಳಿಗ್ಗೆ ಒಂಬತ್ತೂವರೆಗೆ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಎಂಜಿನಿಯರ್ ಠಾಣೆಗೆ ಬಂದು ಡಿಸ್ಕ್ ಕಳುವಾಗಿದೆ ಎಂದು ದೂರು ಕೊಟ್ಟಳು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್‌ನೊಂದಿಗೆ ಸ್ಥಳಕ್ಕೆ ಹೋದರು. ಹೋದ ಮೇಲೆ ಅವರ ತಲೆ ಇನ್ನಷ್ಟು ಕೆಟ್ಟಿತು.

ತಣ್ಣಗೆ ಕೊರೆಯುವ ಕೋಣೆ. ಆಳೆತ್ತರದ ಕಪಾಟಿನಲ್ಲಿ ಒಂದರ ಮೇಲೊಂದು ಡಿಸ್ಕ್‌ಗಳು, ಪ್ರತಿಯೊಂದಕ್ಕೂ ಸಾಸಿವೆಯಷ್ಟು ದೀಪ. ರೋಗಿಗಳ ಸ್ಕ್ಯಾನ್‌ಗಳೆಲ್ಲ ಅಲ್ಲೇ. ಒಂದು ಡಿಸ್ಕ್ ಕೆಡತೊಡಗಿತ್ತು. ಎಂಜಿನಿಯರ್ ಅದರ ನಂಬರನ್ನು ಎರಡೆರಡು ಸಲ ತಾಳೆ ನೋಡಿ, ಹೊರತೆಗೆದು, ಹೊಸದನ್ನು ಕೂರಿಸಿದ್ದಳು. ಉಳಿದವು ತಮ್ಮಲ್ಲಿರುವುದನ್ನು ಕೂಡಿಸಿ ಹೊಸದನ್ನು ತುಂಬುತ್ತವೆ. ತುಂಬಿ ಮುಗಿಯುವವರೆಗೆ ಇನ್ನೊಂದನ್ನು ಮುಟ್ಟುವಂತಿಲ್ಲ. ಅವಳು ತಿಂಡಿಗೆ ಹೋಗಿ ಬರುವಷ್ಟರಲ್ಲಿ ಯಾರೋ ಸರಿಯಿದ್ದ ಡಿಸ್ಕನ್ನೇ ಕಿತ್ತೊಯ್ದಿದ್ದರು. ಎಲ್ಲ ನಿಂತುಹೋಗಿತ್ತು. ಬೇರೆಡೆ ಇಟ್ಟಿದ್ದ ನಕಲು ಹೋದ ವಾರದ್ದು. ಮಧ್ಯಾಹ್ನದ ಮೂರು ಶಸ್ತ್ರಚಿಕಿತ್ಸೆಗಳು ಈ ವಾರದ ಸ್ಕ್ಯಾನ್‌ಗಳಿಗಾಗಿ ಕಾದಿದ್ದವು.

ಮೇಜಿನ ಮೇಲಿದ್ದ ಹಳೆಯ ಡಿಸ್ಕನ್ನಾಗಲಿ, ಹೊಚ್ಚಹೊಸದನ್ನಾಗಲಿ ಕಳ್ಳ ಮುಟ್ಟಿರಲಿಲ್ಲ. ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಪೆನ್ನು ಎತ್ತಿದ.

"ಕಳುವಾದ ಮಾಲು ಏನಂತ ಬರೀಲಿ ಸರ್? ಡಬ್ಬಿನಾ, ಡಬ್ಬಿಯೊಳಗಿನದಾ?"

"ಒಳಗೆ ಏನಿತ್ತಮ್ಮಾ?" ಇನ್‌ಸ್ಪೆಕ್ಟರ್ ಕೇಳಿದರು.

"ಪೂರ್ತಿಯಾಗಿ ಯಾರದೂ ಇಲ್ಲ ಸರ್. ಒಬ್ಬೊಬ್ಬರ ಸ್ಕ್ಯಾನೂ ಚೂರು ಚೂರಾಗಿ ಎಲ್ಲದರಲ್ಲೂ ಹಂಚಿರುತ್ತೆ."

"ಹಾಗಾದ್ರೆ ಕದ್ದವನಿಗೆ ಸಿಕ್ಕಿದ್ದೇನು?"

"ಏನೂ ಇಲ್ಲ."

ಇಂಥ ಕಳ್ಳತನವನ್ನು ಇನ್‌ಸ್ಪೆಕ್ಟರ್ ಕಂಡಿರಲಿಲ್ಲ. ಹೊಸ ಡಿಸ್ಕಿನ ಪೆಟ್ಟಿಗೆಯನ್ನು ಒಳಗೆ ತಂದಿಟ್ಟಿದ್ದು ಆಂಬುಲೆನ್ಸ್ ಓಡಿಸುವ ಡ್ರೈವರಣ್ಣ ಎಂದು ತಿಳಿಯಿತು. ಆಸ್ಪತ್ರೆಗೆಲ್ಲ ಆತ ಡ್ರೈವರಣ್ಣನೇ. ಎಂಜಿನಿಯರನ್ನೂ ಕರೆದುಕೊಂಡು ಶೆಡ್ಡಿಗೆ ಹೋದರು.

ಆತ ತಡವರಿಸದೆ ಉತ್ತರ ಕೊಟ್ಟ. ಪೆಟ್ಟಿಗೆ ಇಟ್ಟೆ, ಬಂದೆ, ಅಷ್ಟೇ. ಹೇಳಿಕೆಗೆ ಸಹಿ ಹಾಕಲೆಂದು ಹೆಡ್ ಕಾನ್‌ಸ್ಟೆಬಲ್ ಪಕ್ಕದಿಂದ ಪೆನ್ನು ಚಾಚಿದ. ಡ್ರೈವರಣ್ಣ ತೆಗೆದುಕೊಳ್ಳಲಿಲ್ಲ.

"ಏನ್ರೀ, ಪೊಲೀಸರ ಪೆನ್ನಂದ್ರೆ ಮೈಲಿಗೆನಾ?"

ಇನ್‌ಸ್ಪೆಕ್ಟರ್ ಪೆನ್ನು ಇಸಿದುಕೊಂಡು ಆತನ ಮುಖದ ನೇರಕ್ಕೆ ಹಿಡಿದರು. ತಟ್ಟನೆ ತೆಗೆದುಕೊಂಡ. ಇನ್ನೊಂದು ಪಕ್ಕದಿಂದ ಕಾಗದ ಚಾಚಿದರು. ಆತನ ಕೈ ಅದರತ್ತ ಹೋಗಲಿಲ್ಲ.

"ಪಕ್ಕದ್ದು ಕಾಣಲ್ಲ ನಿಮಗೆ. ಕಣ್ಣು ತೋರಿಸಿದ್ದು ಯಾವಾಗ?"

ಡ್ರೈವರಣ್ಣ ಆಂಬುಲೆನ್ಸಿನ ಬಾಗಿಲು ತೆರೆದ. ಆಮೇಲೆ ಸೀಟಿನಡಿಯಿಂದ ಹತ್ತಿಯಲ್ಲಿ ಸುತ್ತಿದ್ದ ಡಿಸ್ಕನ್ನು ತೆಗೆದ.

"ಒಡೆಯೋಕೆ ಮನಸ್ಸು ಬರಲಿಲ್ಲ. ಬೇರೆಯವರದೂ ಇರಬಹುದಲ್ಲ," ಎಂದ. ಎಂಜಿನಿಯರ್ ಕಡೆಗೆ ತಿರುಗಿದ. "ಮೊನ್ನೆ ಆ ಕೋಣೆಯಲ್ಲಿ ನನ್ನ ಕಣ್ಣಿನ ಸ್ಕ್ಯಾನ್ ತೆರೆದು ತೋರಿಸಿದೆಯಲ್ಲ ತಾಯಿ, ಆಗ ಇದರ ದೀಪ ಒಂದೇ ಮಿನುಗ್ತು. ಇದರಲ್ಲೇ ಇದೆ ಅಂದ್ಕೊಂಡೆ."

"ಎಲ್ಲಾ ಮಿನುಗಿದ್ವು ಡ್ರೈವರಣ್ಣ," ಎಂದಳು ಅವಳು.

ಎಂಜಿನಿಯರ್ ಡಿಸ್ಕನ್ನು ಅದೇ ಗೂಡಿಗೆ ಕೂರಿಸಿ, ಒಂದೂವರೆ ಗಂಟೆ ಹೆಣಗಿದ ಮೇಲೆ ಕಂಪ್ಯೂಟರ್ ತೆರೆಗಳು ಬೆಳಗಿದವು. ಶಸ್ತ್ರಚಿಕಿತ್ಸೆಗೆ ಕರೆ ಹೋಯಿತು.

"ಎಲ್ಲರದೂ ಬಂತಾ?" ಬಾಗಿಲ ಬಳಿ ಪೊಲೀಸರೊಂದಿಗೆ ನಿಂತಿದ್ದ ಡ್ರೈವರಣ್ಣ ಕೇಳಿದ.

"ಬಂತು."

"ನಂದೂ?"

"ನಿಮ್ದೂ."

ಆತ ತಲೆಯಾಡಿಸಿದ. ಆ ಸ್ಕ್ಯಾನಿನ ವರದಿ ಸಂಜೆಯೊಳಗೆ ಲೈಸೆನ್ಸ್ ಕಚೇರಿಗೆ ಹೋಗಬೇಕಿತ್ತು. ಗಾಡಿ ಬಿಟ್ಟರೆ ತನಗೆ ಬೇರೇನೂ ಬರುವುದಿಲ್ಲ ಎಂದು ಹೇಳಿಕೆಯಲ್ಲಿ ಬರೆಸಿದ.

ಬಂಧಿಸಿ ಜೀಪಿನ ಬಳಿಗೆ ಕರೆತಂದಾಗ ಡ್ರೈವರಣ್ಣ ನೇರ ಸ್ಟಿಯರಿಂಗ್ ಕಡೆಯ ಬಾಗಿಲಿಗೆ ಹೋಗಿ ಹಿಡಿಕೆಗೆ ಕೈ ಹಾಕಿದ. ಹೆಡ್ ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರ್ ಮುಖ ನೋಡಿದ. ಅವರು ಸುತ್ತಿ ಬಂದು, ಆತನಿಗೆ ಕಾಣುವಂತೆ ಎದುರಿಗೆ ನಿಂತು, ಕೈ ಚಾಚಿದರು.