ಗೂಡಿನಲ್ಲಿ ಉಳಿದ ಎಲೆ-ಅಡಿಕೆ

೨೦೧೮ರ ಏಪ್ರಿಲ್ ೧೭, ಮಂಗಳವಾರ. ಬೆಳಿಗ್ಗೆ ಠಾಣೆಗೆ ದೂರು ಬಂತು. ಬ್ರ್ಯಾಂಪ್ಟನ್ ನಗರದ ಉತ್ತರಕ್ಕಿರುವ ಹಳ್ಳಿ ಚರ್ಚಿನ ಶಿಲುಬೆಗಲ್ಲು ಕಾಣೆಯಾಗಿತ್ತು. ಎಂಟನೇ ಶತಮಾನದ್ದು, ಐರ್ಲೆಂಡಿನಿಂದ ವಲಸೆ ಬಂದ ರೈತರು ಹಡಗಿನಲ್ಲಿ ತಂದದ್ದು. ಶುಕ್ರವಾರ ಪರಂಪರೆ ಸಮಿತಿಯವರು ಅದನ್ನು ನೋಡಲು ಬರುವವರಿದ್ದರು. ಕಲ್ಲಿದ್ದರೆ ಚರ್ಚು ಉಳಿಯುತ್ತದೆ, ಇಲ್ಲದಿದ್ದರೆ ಜಾಗ ಗೋದಾಮು ಕಟ್ಟುವವರ ಪಾಲು ಎಂದರು ಚರ್ಚಿನ ಪಾದ್ರಿ ಫಾದರ್ ಮೊರಾನ್.

ಹುಬ್ಬಳ್ಳಿ ಮೂಲದ ಇನ್‌ಸ್ಪೆಕ್ಟರ್ ದೀಪಶ್ರೀ ಹಿರೇಮಠ ಮತ್ತು ಉಡುಪಿ ಕಡೆಯ ಕಾನ್‌ಸ್ಟೇಬಲ್ ವಿಶಾಲ್ ಸ್ಥಳಕ್ಕೆ ಹೋದರು. ಈ ಪರದೇಶದಲ್ಲಿ ಪಂಚನಾಮೆ ಎಂಬ ಹೆಸರಿಲ್ಲ. ಅಳೆಯುವುದು, ಬರೆಯುವುದು ಮಾತ್ರ ತಪ್ಪಿದ್ದಲ್ಲ. ಬೀಗ ಮುರಿದಿರಲಿಲ್ಲ. ಗೋಡೆಯ ಖಾಲಿ ಗೂಡಿನಲ್ಲಿ ಸುಣ್ಣದ ಪುಡಿ, ಕಲ್ಲಿನ ಚಕ್ಕೆ, ಬಾಡಿದ ಎರಡು ವೀಳ್ಯದೆಲೆ, ಒಂದು ಅಡಿಕೆ, ಒಂದು ಡಾಲರ್ ನಾಣ್ಯ. ಮೊದಲು ಬಂದಿದ್ದ ಪೊಲೀಸರು ಅದನ್ನು ಕಸವೆಂದು ಬಿಟ್ಟಿದ್ದರು. ಪಾಪ, ಅವರಿಗೇನು ಗೊತ್ತು!

"ಕಳ್ಳ ತಾಂಬೂಲ ಇಟ್ಟು ಹೋದದ್ದು ನಾನು ಎಲ್ಲಿಯೂ ಕಂಡಿಲ್ಲ ಮಾರಾಯ್ರೆ," ಎಂದ ವಿಶಾಲ್.

"ಕದಿಯಾಂವ ದೇವರಿಗೆ ತಪ್ಪಾತು ಅನ್ನೂದಿಲ್ಲಪಾ. ಕೀ ಯಾರ ಕಡೆ ಇತ್ತು, ಕೇಳು."

ಕೀ ಇದ್ದದ್ದು ಹೀಟಿಂಗ್ ಪೈಪ್ ರಿಪೇರಿಯವರ ಬಳಿ. ಸೋಮವಾರ ಒಬ್ಬನೇ ಬಂದು ಕೆಲಸ ಮಾಡಿದವನು ಬೆಳಗಾವಿ ಕಡೆಯ ಈರೇಶ. ಬ್ರ್ಯಾಂಪ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿ ಅವನು ಸಿಕ್ಕ.

"ಕಲ್ಲು ಎಲ್ಲಿ?"

"ಯಾವ ಕಲ್ಲರೀ?"

"ಎಲಿ-ಅಡಿಕಿ ಇಟ್ಟು ಎತ್ತಿದ್ದು. ಒಡದೈತಿ, ಹೌದಿಲ್ಲೋ?"

ಈರೇಶನ ಮುಖ ಬಿಳಿಚಿತು. "ಗೋಡೆಗೆ ಡ್ರಿಲ್ ಹಚ್ಚಿದ್ನಿರೀ. ಎರಡು ಹೋಳಾಗಿ ಕೈಗೆ ಬಂತು. ಓನರ್‌ಗೆ ಗೊತ್ತಾದ್ರ ಕೆಲಸ ಹೋಕ್ಕೈತಿ, ಅದರ ಜೋಡಿ ಈ ದೇಶದಾಗ ಇರೂ ಪರ್ಮಿಟ್ಟೂ ಹೋಕ್ಕೈತಿ. ಭಿನ್ನ ಆದ ದೇವರನ್ನ ಇಟಗೋಬಾರದಲ್ರೀ, ಹೊಳಿಗೆ ಬಿಟ್ಟೆ. ಚರ್ಚಿನ ಹಿಂದಿನ ಸೇತುವಿ ಕೆಳಗ."

ಈರೇಶನನ್ನು ಕರೆದುಕೊಂಡು ಸೇತುವೆಗೆ ಬಂದಾಗ ಹಿಮ ಕರಗಿ ಹೊಳೆ ಏರುತ್ತಿತ್ತು. ಮುಳುಗುಗಾರರು ಸಂಜೆಗೆ ಬರುತ್ತೇವೆ ಎಂದರು. ನೀರು ಸಂಜೆಯವರೆಗೆ ಕಾಯುವಂತಿರಲಿಲ್ಲ. ವಿಶಾಲ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಒಂದು ಹೋಳು ಬೇಗ ಸಿಕ್ಕಿತು. ಎರಡನೆಯದಕ್ಕೆ ಮುಳುಗಿದವನು ಮೇಲೆ ಬರಲಿಲ್ಲ. ದೀಪಶ್ರೀ, ಈರೇಶ ಇಬ್ಬರೂ ಸೇರಿ ಹಗ್ಗ ಜಗ್ಗಿದರು. ತುಟಿ ನೀಲಿಗಟ್ಟಿ ಮೇಲೆದ್ದ ವಿಶಾಲ್ ಕಲ್ಲನ್ನು ಎದೆಗೆ ಅವಚಿಕೊಂಡಿದ್ದ.

ಫಾದರ್ ಎರಡೂ ಹೋಳುಗಳನ್ನು ಬೆಂಚಿನ ಮೇಲೆ ಜೋಡಿಸಿದರು. ಬಿರುಕಿಗೆ ಅಂಟಿದ್ದ ಹಳೆಯ ಸುಣ್ಣದ ಮೇಲೆ ಬೆರಳಾಡಿಸಿ ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕರು. ಅವರ ಕಣ್ಣು ಒದ್ದೆಯಾಗಿತ್ತು.

"ಏನಂತಾರ್ರೀ?" ಎಂದ ಈರೇಶ.

ದೀಪಶ್ರೀಗೆ ಹೇಳುವುದೇ ಕಷ್ಟವಾಯಿತು. "ಇದು ಹಡಗದಾಗ ಬರೂವಾಗನ ಒಡದಿತ್ತಂತ. ಅವರ ಹಿರೇರು ಸುಣ್ಣ ಹಚ್ಚಿ ಜೋಡಿಸಿದ್ರಂತ. ನೀ ಒಡದಿದ್ದಲ್ಲ, ಬಿಚ್ಚಿದ್ದಷ್ಟ."

"ಒಡದದ್ದನ್ನ ಇಟಗೊಂಡು ಪೂಜಿ ಮಾಡತಿದ್ರಾ?"

"ನೂರಾ ಎಪ್ಪತ್ತು ವರ್ಷ."

ದೂರು ದಾಖಲಾಗಿತ್ತು, ಬಂಧಿಸದೆ ಗತ್ಯಂತರವಿರಲಿಲ್ಲ. ಶುಕ್ರವಾರ ಕಲ್ಲು ಗೂಡಿನಲ್ಲಿರುತ್ತದೆ; ಈರೇಶನ ಪರ್ಮಿಟ್ಟಿಗೆ ಆ ಭರವಸೆ ಇರಲಿಲ್ಲ. ದುಡ್ಡಿನ ಆಸೆಗೆ ಮಾಡಿದ್ದಲ್ಲ ಅವನು. ಅಂಜಿಕೆಯೂ ಭಕ್ತಿಯೂ ಕೂಡಿ ಅವನ ಬಾಯಿ ಕಟ್ಟಿದ್ದವು.

"ಫಾದರ್‌ಗೆ ಒಂದು ಮಾತು ಕೇಳಬೇಕಿತ್ರೀ ನಾ," ಎಂದು ಅವನು ಬೆಂಚಿಗೆ ತಲೆಯಿಟ್ಟು ಅತ್ತ. ಅಳು ನಿಲ್ಲುವವರೆಗೂ ದೀಪಶ್ರೀ ಬೇಡಿ ಹಾಕಲಿಲ್ಲ.