ವೈಶಾಲಿಯ ಕುಬಸದ ಸೀರೆ

“ಆ ಮನಿ ಹೊಸ್ತಿಲಾ ದಾಟಿದ್ದನ್ನ ತಿರುಗಿ ಕೇಳಬ್ಯಾಡವಾ. ಹೋದ್ರ ಹೋಗ್ಲಿ,” ಎಂದು ಮನೆಯೊಡತಿ ಮಥುರಾಬಾಯಿ ದನಿ ತಗ್ಗಿಸಿ ಹೇಳಿದಾಗ ಗೌತಮಿ ನಕ್ಕುಬಿಟ್ಟಳು.

ಗಂಡ ವಿಶ್ವಾಸನಿಗೆ ಬನಹಟ್ಟಿಯ ಬ್ಯಾಂಕಿಗೆ ವರ್ಗವಾದ್ದರಿಂದ ಅವಳು ಈಚೆಗಷ್ಟೇ ಈ ಊರಿಗೆ ಬಂದವಳು. ಏಳು ತಿಂಗಳ ಬಸುರಿ, ನಾಳೆ ಕುಬಸ, ಹಸಿರು ಸೀರೆ ಉಡಿಸಿ ಉಡಿ ತುಂಬುವ ಶಾಸ್ತ್ರ. ನೇಕಾರರ ಊರಿನಲ್ಲಿ ಕುಳಿತು ಕುಬಸದ ಸೀರೆಯನ್ನು ಫೋನಿನಲ್ಲಿ ತರಿಸುವ ಜಾಣೆ ನೋಡು ಇವಳು ಎಂದು ಓಣಿಯ ಹೆಂಗಸರು ಆಡಿಕೊಂಡಿದ್ದರು. ಅವರಿಗೇನು ಗೊತ್ತು? ತೀರಿಹೋದ ಅವ್ವ ತನ್ನ ಕುಬಸದ ಫೋಟೋದಲ್ಲಿ ಉಟ್ಟಿದ್ದಂಥದೇ ಹಸಿರು, ಅಂಥದೇ ಅಂಚು; ಹುಡುಕಿ ಹುಡುಕಿ ಸಿಕ್ಕಿದ್ದು ಅದೊಂದೇ ಸೀರೆ. ‘ತಲುಪಿದೆ’ ಎಂದು ಫೋನು ಹೇಳುತ್ತಿತ್ತು, ಮನೆಗೆ ಮಾತ್ರ ಬಂದಿರಲಿಲ್ಲ. ಪಾರ್ಸಲ್ ತಂದವನನ್ನು ಕೇಳಿದರೆ, ವಿಳಾಸ ಕೇಳಿದಾಗ ಬೀರಪ್ಪನ ಗುಡಿಯ ಹಿಂದಿನ ಮನೆಯ ಒಬ್ಬ ಹೆಂಗಸು ‘ನನ್ನ ಮಗಳದು’ ಎಂದು ಇಸಿದುಕೊಂಡಳು ಎಂದ.

ಆ ಹೆಂಗಸು ಯಲ್ಲಕ್ಕ. ಅವಳ ಮಗಳು ವೈಶಾಲಿ ಹೋದ ವರ್ಷ ಬಸುರಿನಲ್ಲೇ ತೀರಿಕೊಂಡಳು, ಕುಬಸಕ್ಕೂ ಮೊದಲೇ. ತನಗೆಂದು ಅವಳೂ ಫೋನಿನಲ್ಲೇ ಹಸಿರು ಸೀರೆ ತರಿಸಿದ್ದಳು. ಮನೆಮಂದಿಯೆಲ್ಲ ಅವಳ ಮಣ್ಣಿಗೆ ಹೋಗಿದ್ದಾಗ ಆ ಸೀರೆ ಬಂದು, ಬಾಗಿಲು ತೆರೆಯುವವರಿಲ್ಲದೆ ಹಿಂದಕ್ಕೆ ಹೋಯಿತಂತೆ. ಆಮೇಲೆ ಯಲ್ಲಕ್ಕ ಹೊಳೆಯಾಚೆಯ ಮಂತ್ರವಾದಿಯೊಬ್ಬನ ಕಾಲು ಹಿಡಿದು, ಮಗಳು ಮನೆ ಬಿಟ್ಟು ಹೋಗದಂತೆ ಕರಿದಾರದ ಕಟ್ಟು ಹಾಕಿಸಿದಳು. ಮುಸ್ಸಂಜೆಗೆ ಆ ಮನೆಯಲ್ಲಿ ಬಳೆಯ ಸಪ್ಪಳವಾಗುತ್ತದೆ ಎಂದರು ಮಥುರಾಬಾಯಿ.

“ಸತ್ತವ್ರು ಸೀರಿ ಉಡತಾರೇನ್ರಿ?” ಎಂದು ಗೌತಮಿ ಚಪ್ಪಲಿ ಮೆಟ್ಟಿಕೊಂಡಳು. ಹಟ ಹಿಡಿದರೆ ಅವಳು ಯಾರ ಮಾತನ್ನೂ ಕೇಳುವ ಪೈಕಿ ಅಲ್ಲ.

ಯಲ್ಲಕ್ಕನ ನಡುಮನೆಯಲ್ಲಿ ಲೋಬಾನದ ಹೊಗೆ ಕವಿದಿತ್ತು. ಅದರಡಿಯಲ್ಲಿ ಬಾಡಿ ಕೊಳೆತ ಹೂವಿನ ವಾಸನೆ. ಗೋಡೆಗೆ ತಾಗಿಸಿ ಇಟ್ಟ ಖಾಲಿ ಮಣೆಯ ಮೇಲೆ ಆ ಹಸಿರು ಸೀರೆ ಹಾಸಿತ್ತು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬು, ಹಸಿರು ಬಳೆ. ಯಾರೂ ಇಲ್ಲದ ಮಡಿಲಿಗೆ ಉಡಿ ತುಂಬಿದ್ದಳು ತಾಯಿ.

ಗೌತಮಿ ಅಲ್ಲೇ ಬಿದ್ದಿದ್ದ ಪಾರ್ಸಲ್ ಹೊದಿಕೆಯ ಮೇಲಿನ ತನ್ನ ಹೆಸರು ತೋರಿಸಿದಳು. ಯಲ್ಲಕ್ಕ ಅದನ್ನು ನೋಡಲೇ ಇಲ್ಲ.

“ಉಡಿ ತುಂಬೀನವಾ,” ಎಂದಳು. “ತುಂಬಿದ ಉಡಿ ಕಸಗೊಂಡ್ರ ಆಕಿ ಸುಮ್ನ ಇರೂದಿಲ್ಲ. ಸೀರಿ ಬೆನ್ನ ಹತ್ತಿ ಬರ್ತಾಳ.”

ಗೌತಮಿ ಸೀರೆ ಕೊಡವಿದಳು. ಅಕ್ಕಿ ನೆಲದ ತುಂಬ ಚೆಲ್ಲಿತು. ಯಲ್ಲಕ್ಕ ಶಪಿಸಲಿಲ್ಲ, ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಕಾಳು ಆಯತೊಡಗಿದಳು. ಬೈದಿದ್ದರೆ ಗೌತಮಿಗೂ ಹಗುರಾಗುತ್ತಿತ್ತೇನೋ. ಆದರೂ ಅವಳು ಸೀರೆ ಮಡಚಿಕೊಂಡು ಹೊರಟುಬಂದಳು.

ಮನೆಯಲ್ಲಿ ವಿಶ್ವಾಸ ಇನ್ನೂ ಬಂದಿರಲಿಲ್ಲ. ಅವ್ವನ ಫೋಟೋ ಪಕ್ಕದಲ್ಲಿಟ್ಟುಕೊಂಡು, ಹೇಗೆ ಕಾಣುತ್ತೇನೋ ನೋಡೋಣವೆಂದು ಅವಳು ಸೀರೆ ಉಟ್ಟಳು. ಹೊಸ ಬಟ್ಟೆಯ ಗಂಜಿಯ ವಾಸನೆ ಇರಲಿಲ್ಲ. ಲೋಬಾನ ನಾರುತ್ತಿತ್ತು. ನೆರಿಗೆ ಸಿಕ್ಕಿಸುವಷ್ಟರಲ್ಲಿ ಕರೆಂಟು ಹೋಯಿತು. ಊರಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಹಗಲೆಲ್ಲ ಖಟಖಟ ಎನ್ನುವ ಊರು ಹಾಗೆ ಬಾಯಿ ಮುಚ್ಚಿದ್ದನ್ನು ಅವಳು ಕೇಳಿರಲಿಲ್ಲ.

ಬಳೆ ಸಪ್ಪಳವಾಯಿತು.

ಗೌತಮಿಯ ಕೈಯಲ್ಲಿ ಗಾಜಿನ ಬಳೆಯೇ ಇರಲಿಲ್ಲ. ಮತ್ತೆ ಆಯಿತು, ಬೆನ್ನ ಹಿಂದೆಯೇ. ಕಿಟಕಿಯ ಮಬ್ಬು ಬೆಳಕಿನಲ್ಲಿ ಕನ್ನಡಿ ನೋಡಿದಳು. ಅಲ್ಲಿ ಇಬ್ಬರಿದ್ದರು. ಇಬ್ಬರದೂ ಅದೇ ಹಸಿರು. ಆ ಇನ್ನೊಬ್ಬಳ ಬಾಯಿ ತೆರೆದಿತ್ತು. ಅಳುತ್ತಿದ್ದಳು. ದನಿ ಇಲ್ಲ. ಕೆನ್ನೆಗೆ ಮಣ್ಣು ಮೆತ್ತಿತ್ತು. ಕಣ್ಣು ಗೌತಮಿಯ ಹೊಟ್ಟೆಯ ಮೇಲೆ. ಅಲ್ಲಿಂದ ಕದಲಲಿಲ್ಲ. ತಣ್ಣನೆಯ ಕೈ ಸೊಂಟ ಬಳಸಿತು. ಕೂಸು ಒಮ್ಮೆ ಒದೆಯಿತು. ಆಮೇಲೆ ಒದೆಯಲಿಲ್ಲ.

ನೆರಿಗೆ ಎಳೆದಳು. ಬಿಚ್ಚಲಿಲ್ಲ. ಇನ್ನೂ ಬಿಗಿಯಿತು. ಉಸಿರು ಕಟ್ಟಿತು. ಬರಿಗಾಲಲ್ಲಿ ಓಡಿದಳು. ಬಳೆ ಸಪ್ಪಳವೂ ಓಡಿಬಂತು.

ಯಲ್ಲಕ್ಕನ ಹೊಸ್ತಿಲಲ್ಲಿ ಕುಸಿದು, ಕನ್ನಡಿಯಲ್ಲಿ ಕಂಡದ್ದನ್ನು ಹೇಗೋ ತೊದಲಿದಳು. “ಕೂಸು ಮಿಸುಕವಲ್ದ್ರಿ,” ಎಂದಳು.

ಯಲ್ಲಕ್ಕ ಗೌತಮಿಯ ಹೊಟ್ಟೆಯನ್ನೇ ನೋಡಿದಳು. ಕಟ್ಟು ಹರಿದರೆ ಈ ಕೂಸು ಉಳಿಯುತ್ತದೆ, ಮಗಳು ಮಾತ್ರ ಇನ್ನು ಬರುವುದಿಲ್ಲ. ಒಮ್ಮೆ ಮಣ್ಣು ಕೊಟ್ಟ ಮಗಳಿಗೆ ಇನ್ನೊಮ್ಮೆ ಮಣ್ಣು ಕೊಡು ಎಂದರೆ ಯಾವ ತಾಯಿಯ ಕೈ ಏಳುತ್ತದೆ? ವೈರಿಯ ಕರುಳಿಗೂ ಆ ಹೊತ್ತು ಬರಬಾರದು. ಯಲ್ಲಕ್ಕ ಮಣೆಯಡಿಯಿಂದ ಗಂಟು ಹಾಕಿದ ಕರಿದಾರವನ್ನು ತೆಗೆದಳು, ಎದೆಗೊತ್ತಿಕೊಂಡಳು, ಹಲ್ಲಿನಿಂದ ಕಚ್ಚಿ ಹರಿದಳು.

“ಹೋಗು ನನ್ನವ್ವ. ಅದು ಮಂದಿ ಕೂಸು, ನಿಂದಲ್ಲ. ಹೋಗು.”

ಬಳೆ ಸಪ್ಪಳ ಬಾಗಿಲವರೆಗೆ ಹೋಯಿತು, ಅಲ್ಲಿ ಕೊಂಚ ನಿಂತಿತು, ಆಮೇಲೆ ಕೇಳಲಿಲ್ಲ. ಗೌತಮಿಯ ನೆರಿಗೆ ತಾನೇ ಸಡಿಲಿತು. ಹೊಟ್ಟೆಯಲ್ಲಿ ಕೂಸು ಮಗ್ಗುಲಾಯಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಯಲ್ಲಕ್ಕ ಬಹಳ ಹೊತ್ತು ಮೂಲೆಮೂಲೆಗೆ ಕಿವಿಗೊಟ್ಟು ಕುಳಿತಳು. ಕೊನೆಗೆ ಗೌತಮಿಯ ಹತ್ತಿರ ಸರಿದಳು.

“ನಾ ಬರೇ ಸಪ್ಪಳ ಕೇಳೇನವಾ, ಒಂದಿನಾನೂ ಮಾರಿ ಕಂಡಿಲ್ಲ. ನೀ ನೋಡೀದಿ. ಹೆಂಗಿದ್ಲು ನನ್ನ ಮಗಳು?”

ಆ ತೆರೆದ ಬಾಯಿ, ಕೆನ್ನೆಯ ಮಣ್ಣು ಗೌತಮಿಯ ಕಣ್ಣಮುಂದೆಯೇ ಇದ್ದವು. ಅವಳು ಯಲ್ಲಕ್ಕನ ಕೈ ಹಿಡಿದುಕೊಂಡಳು.

“ಛಲೋ ಇದ್ಲ್ರಿ,” ಎಂದಳು. “ನಕ್ಕೋತ ಇದ್ಲು. ಹಸರ ಸೀರಿ ಆಕಿಗಿ ಭಾಳ ಒಪ್ಪತಿತ್ತು.”