ತಲೆಕೆಳಗಾದ ಮಾಳಿಗೆ

ರಂಜಾನ್ ಮುಗಿಯುವ ಸಂಜೆ ಹಬ್ಬದ ಚಂದ್ರನನ್ನು ಹುಡುಕಲು ನನ್ನ ಮಗಳು ಗಾಲಿಯಾ ಮಾಳಿಗೆಯ ಮೇಲೆ ದೂರದರ್ಶಕ ನಿಲ್ಲಿಸಿದ್ದಳು. ಒಮಾನಿನ ನಮ್ಮ ಬೆಟ್ಟದೂರಿನಲ್ಲಿ ಆಕಾಶದ ಹುಚ್ಚು ಹಿಡಿದ ಹುಡುಗಿ ಅವಳೊಬ್ಬಳೇ. ಬೆಳಕಿರುವಾಗಲೇ ಅದನ್ನು ಕಣಿವೆಯಾಚೆಯ ಹಳೆಯೂರಿನ ಒಂದು ಮಾಳಿಗೆಯತ್ತ ತಿರುಗಿಸಿ ಗುರಿ ಸರಿಮಾಡಿಕೊಳ್ಳುವುದು ಅವಳ ರೂಢಿ. ಅಲ್ಲಿನ ಕೆಂಪು ಮಣ್ಣಿನ ಮನೆಗಳಲ್ಲಿ ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಯಾರೂ ಇಲ್ಲ.

ಒಲೆ ಸಣ್ಣ ಮಾಡಿ ನಾನೂ ಮೇಲೆ ಹೋದೆ.

"ನೋಡು ಉಮ್ಮಾ. ಎಲ್ಲ ತಲೆಕೆಳಗೆ ಕಾಣುತ್ತೆ, ಇದರ ಕನ್ನಡಿ ಗುಣವೇ ಹಾಗೆ."

"ನಿಮ್ಮಪ್ಪ ತಂದಿದ್ದಲ್ವಾ, ಹಾಗೇ ಇರುತ್ತೆ," ಎಂದು ನಕ್ಕು ಕಣ್ಣಿಟ್ಟೆ.

ಖರ್ಜೂರದ ಮರಗಳು ತಲೆಕೆಳಗಾಗಿ ತೂಗುತ್ತಿದ್ದವು. ಮಾಳಿಗೆಯೂ ತಲೆಕೆಳಗೆ. ಅಲ್ಲಿದ್ದ ಮುದುಕಿ ಮಾತ್ರ ನೆಟ್ಟಗೆ ಕಂಡಳು. ಅವಳ ನೆತ್ತಿ ಮಾಳಿಗೆಗೆ ತಾಗಿತ್ತು, ಪಾದಗಳ ಕೆಳಗೆ ಆಕಾಶವಿತ್ತು. ಮರಗಳನ್ನು ಅಲ್ಲಾಡಿಸುವ ಗಾಳಿಗೆ ಅವಳ ಶಾಲು ಅಲುಗುತ್ತಿರಲಿಲ್ಲ. ಕೈಬೀಸಿ ಕರೆಯುತ್ತಿದ್ದಳು. ಬರಿಗಣ್ಣಿನಿಂದ ನೋಡಿದರೆ ಮಾಳಿಗೆ ಖಾಲಿ.

"ಅಜ್ಜಿ ಕಂಡಳಾ?" ಎಂದಳು ಗಾಲಿಯಾ. "ಅವಳ ಮಾಳಿಗೆಯಿಂದ ನಕ್ಷತ್ರ ಇನ್ನೂ ಹತ್ತಿರವಂತೆ. ಹಬ್ಬಕ್ಕೆ ಬರ್ತೀನಿ ಅಂದಿದ್ದೀನಿ."

"ಹತ್ತಿರ ಅಂತ ಯಾರು ಹೇಳಿದ್ರು?"

"ಅವಳೇ."

ಮಗಳನ್ನು ಕೆಳಗೆ ಕರೆತಂದು ಮಾಳಿಗೆಗೂ ಬೀದಿ ಬಾಗಿಲಿಗೂ ಬೀಗ ಹಾಕಿದೆ. ಬೀಗದಕೈ ಸೊಂಟಕ್ಕೆ ಸಿಕ್ಕಿಸಿ, ಅವಳ ಕೈಯನ್ನು ನನ್ನ ಕೈಯೊಳಗಿಟ್ಟುಕೊಂಡೇ ಮಲಗಿದೆ. ಬೆಳಿಗ್ಗೆ ಬೀಗಗಳು ಹಾಗೆಯೇ ಇದ್ದವು, ಅವಳ ಕೈಯೂ ನನ್ನ ಕೈಯಲ್ಲೇ ಇತ್ತು.

ಹಬ್ಬಕ್ಕೆಂದು ತಲೆ ಬಾಚಲು ಕೂರಿಸಿಕೊಂಡೆ. ಅಂಗಾಲುಗಳು ಶುಭ್ರವಾಗಿದ್ದವು. ನೆತ್ತಿಯ ಕೂದಲಿಗೆ ಮಾತ್ರ ಹಳೆಯೂರಿನ ಕೆಂಪು ಮಣ್ಣು ದಪ್ಪಗೆ ಮೆತ್ತಿಕೊಂಡಿತ್ತು.